ಗುಡ್ಡವನ್ನೇಕೆ ಕಾಯಿಸಬೇಕು?

ಆರಿದ್ರಾ ಮಳೆ ಹಿಡಿಯಿತೆಂದರೆ ಬೇಗಾರು, ಕಿಗ್ಗ, ಹರಿಹರಪುರದ ಕಡೆಯ ಮನೆಗಳಲ್ಲಿ ವಯಸ್ಸಾದವರು ಬರಿಗಾಲನ್ನು ನೆಲಕ್ಕಿಡಲು ಹಿಂಜರಿಯುತ್ತಾರೆ. ಬೆಳಿಗ್ಗೆ ಒರೆಸಿದ ಟೈಲ್ಸ್ ನೆಲ ಮಧ್ಯಾಹ್ನಕ್ಕೆ ಮತ್ತೆ ಒದ್ದೆಯಾಗಿರುತ್ತದೆ. ಹಾಸಿದ ಚಾಪೆಯ ಅಡಿಯಲ್ಲಿ ಬೂಷ್ಟು, ಗೋಡೆಯ ಬುಡದಲ್ಲಿ ಕಪ್ಪು ಕಲೆ, ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಮುಗ್ಗಲು ವಾಸನೆ. ಮಂಡಿನೋವಿನವರು ಕಾಲಿಗೆ ಉಣ್ಣೆಯ ಚೀಲ ಹಾಕಿಕೊಂಡು ಅಡುಗೆಮನೆಯ ಒಲೆಯ ಮುಂದೆ ಕೂರುತ್ತಾರೆ. ಹೋಂಸ್ಟೇ ನಡೆಸುವವರಿಗೆ ಇದು ಇನ್ನೊಂದು ಬಗೆಯ ಚಿಂತೆ: ಮಳೆ ನೋಡಲೆಂದು ಬಂದ ಅತಿಥಿ ಮಳೆಯನ್ನು ಮೆಚ್ಚುತ್ತಾನೆ, ಕೊಠಡಿಯ ಥಂಡಿಯನ್ನು ಮೆಚ್ಚುವುದಿಲ್ಲ.

ಈ ಥಂಡಿಗೆ ಪರಿಹಾರವೆಂದು ನೆಲವನ್ನೇ ಬಿಸಿಮಾಡುವ ವ್ಯವಸ್ಥೆಯ ಮಾತು ಈಗ ಮಲೆನಾಡಿಗೂ ಬಂದಿದೆ. ಟೈಲ್ಸಿನ ಅಡಿಯಲ್ಲಿ ಹಾಸುವ ವಿದ್ಯುತ್ ತಂತಿಯ ಚಾಪೆಗಳು, ಬಿಸಿನೀರು ಹರಿಯುವ ಪ್ಲಾಸ್ಟಿಕ್ ಕೊಳವೆಗಳು ದೊಡ್ಡ ನಗರಗಳಲ್ಲಿ ಮಾರಾಟಕ್ಕಿವೆ. ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ನೌಕರಿಯಲ್ಲಿರುವ ಮಕ್ಕಳು ಅಲ್ಲಿಯ ಮನೆಗಳ ಬೆಚ್ಚಗಿನ ನೆಲವನ್ನು ಕಂಡವರು. ಊರಿನಲ್ಲಿರುವ ತಂದೆತಾಯಿಗಳಿಗೂ ಆ ಸುಖ ದೊರೆಯಲಿ ಎಂದು ಬಯಸುತ್ತಾರೆ. ಬಯಕೆಯಲ್ಲಿ ತಪ್ಪೇನೂ ಇಲ್ಲ. ತಪ್ಪಾಗುವುದು ಕೆಲಸದ ಕ್ರಮದಲ್ಲಿ. ಹಳೆಯ ಮನೆಯ ಒದ್ದೆ ನೆಲದ ಮೇಲೆ, ನಡುವೆ ಶಾಖ ತಡೆಯುವ ಪದರವೊಂದಿಲ್ಲದೆ, ಬಿಸಿಯ ಚಾಪೆ ಹಾಸಿದರೆ ಬೆಚ್ಚಗಾಗುವುದು ಮನೆಗಿಂತ ಮೊದಲು ಮನೆಯ ಕೆಳಗಿರುವ ಗುಡ್ಡ. ಮೊದಲು ನೀರು, ಅನಂತರ ತಡೆಪದರ, ಕಟ್ಟಕಡೆಗೆ ಬಿಸಿ ಎಂಬ ಕ್ರಮ ಪಾಲಿಸಿದ ಮನೆಗಳಲ್ಲಿ ಹೆಚ್ಚಿನವುಗಳಿಗೆ ಮೂರನೆಯದರ ಅಗತ್ಯವೇ ಬೀಳದಿರಬಹುದು.

ನೆಲ ಒದ್ದೆಯಾಗುವುದಕ್ಕೆ ಮೂರು ಕಾರಣಗಳಿವೆ. ಊರಿನ ಮಾತಿನಲ್ಲಿ ಮೂರನ್ನೂ ಸೇರಿಸಿ ‘ಥಂಡಿ’ ಎಂದುಬಿಡುವುದರಿಂದ ಚಿಕಿತ್ಸೆ ದಾರಿ ತಪ್ಪುತ್ತದೆ. ಗುಡ್ಡದ ಇಳಿಜಾರನ್ನು ಕಡಿದು ಸಮತಟ್ಟು ಮಾಡಿ ಕಟ್ಟಿದ ಮನೆಗೆ ಹಿಂದೆ ಧರೆ ಇರುತ್ತದೆ. ಮಳೆ ಬಲಿತಾಗ ಧರೆಯೊಳಗಿನ ಒರತೆ ಮನೆಯ ಅಡಿಗೆ ನುಗ್ಗಿ ನೆಲದಲ್ಲೇ ಜಲ ಏಳುವುದುಂಟು. ಇದು ಹರಿಯುವ ನೀರು. ಎರಡನೆಯದು ಮಣ್ಣಿನ ಸಣ್ಣ ರಂಧ್ರಗಳ ಮೂಲಕ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ಕೆಳಗಿನಿಂದ ಮೇಲೇರುವ ತೇವ. ಮೂರನೆಯದು ನೆಲದಿಂದ ಬಂದದ್ದೇ ಅಲ್ಲ, ಗಾಳಿಯಿಂದ ಇಳಿದದ್ದು. ಮಳೆಗಾಲದ ಗಾಳಿ 24 ಡಿಗ್ರಿ ಉಷ್ಣತೆಯಲ್ಲಿದ್ದು ಅದರ ತೇವಾಂಶ ಶೇಕಡಾ 90 ಇದ್ದರೆ, 22 ಡಿಗ್ರಿಗಿಂತ ತುಸು ಮೇಲೆಯೇ ಹನಿ ಕಟ್ಟತೊಡಗುತ್ತದೆ. ಗ್ರಾನೈಟ್ ಅಥವಾ ಟೈಲ್ಸಿನ ನೆಲ ಆ ಮಟ್ಟದಲ್ಲಿದ್ದರೆ ತಣ್ಣೀರಿನ ಚೊಂಬು ಬೆವರುವ ಹಾಗೆ ಅದೂ ಬೆವರುತ್ತದೆ. ನೆಲ ಬರೀ ಒಂದೆರಡು ಡಿಗ್ರಿ ಹೆಚ್ಚು ಬೆಚ್ಚಗಿದ್ದರೆ ಈ ಬೆವರು ನಿಲ್ಲುತ್ತದೆ.

ಯಾವುದು ಯಾವುದೆಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ ನಾಲ್ಕೂ ಅಂಚುಗಳನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದೆರಡು ದಿನ ಬಿಡಬೇಕು. ಹಾಳೆಯ ಅಡಿಯಲ್ಲಿ ನೀರು ಕಂಡರೆ ತೇವ ಕೆಳಗಿನದು; ಹಾಳೆಯ ಮೇಲೆ ಮಾತ್ರ ಕಂಡರೆ ಗಾಳಿಯದು. ಎರಡೂ ಕಡೆ ಕಾಣುವ ಮನೆಗಳೂ ಇವೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಅದರ ನೆರೆಯಲ್ಲಿರುವ ಸೀಮೆಯಲ್ಲಿ ಎರಡೂ ಕಾಣದಿದ್ದರೆ ಆ ಮನೆಯ ಮೇಸ್ತ್ರಿಯನ್ನು ಹುಡುಕಿ ನಮಸ್ಕರಿಸಬೇಕು.

ಹಳೆಯ ಮಣ್ಣಿನ ನೆಲ ಬೆಚ್ಚಗಿತ್ತು ಎನ್ನುವವರ ಮಾತು ಪೂರ್ತಿ ಭ್ರಮೆಯಲ್ಲ. ಬಡಿದು ಗಟ್ಟಿಮಾಡಿ ಸಗಣಿ ಸಾರಿಸಿದ ಮಣ್ಣಿನ ನೆಲ ಒಣಗಿದ್ದಾಗ ಪಾದದ ಶಾಖವನ್ನು ಕಲ್ಲಿನಷ್ಟು ವೇಗವಾಗಿ ಎಳೆದುಕೊಳ್ಳುವುದಿಲ್ಲ. ಗಾಳಿಯ ತೇವವನ್ನು ಒಂದಿಷ್ಟು ತಾನೇ ಹೀರಿಕೊಂಡು ಬಿಸಿಲು ಬಂದಾಗ ಬಿಡುತ್ತದೆ. ಆದ್ದರಿಂದ ಬೆವರಿನ ಹನಿ ಮೇಲೆ ಕಾಣುವುದಿಲ್ಲ. ಗ್ರಾನೈಟಿನಲ್ಲಿ ಶಾಖ ಹರಿಯುವ ವೇಗ ಮರದ ಹಲಗೆಯಲ್ಲಿ ಹರಿಯುವುದಕ್ಕಿಂತ ಸುಮಾರು ಹದಿನೈದು ಪಟ್ಟು ಹೆಚ್ಚು. ಊಟಕ್ಕೆ ಕೂರಲು ಮಣೆ ಹಾಕುವ ಪದ್ಧತಿಯಲ್ಲಿ ಮಡಿಯ ಲೆಕ್ಕ ಎಷ್ಟಿತ್ತೋ, ಥಂಡಿಯ ಲೆಕ್ಕವೂ ಅಷ್ಟೇ ಇದ್ದಿರಬೇಕು. ಹಾಗೆಂದು ಮಣ್ಣಿನ ನೆಲವನ್ನು ಹಾಡಿ ಹೊಗಳುವುದು ಸುಲಭ. ಅದನ್ನು ದಿನ ಬಿಟ್ಟು ದಿನ ಸಾರಿಸುತ್ತಿದ್ದ ಕೈಗಳು ಮನೆಯ ಹೆಂಗಸರವು. ಮನೆಯನ್ನು ಒಣಗಿಸಿಡುತ್ತಿದ್ದ ಹಗಲಿರುಳಿನ ಒಲೆಯ ಹೊಗೆಯನ್ನು ಕುಡಿದ ಶ್ವಾಸಕೋಶಗಳೂ ಅವರವೇ. ಆ ಒಲೆಗೆ ಬೇಕಾದ ಸೌದೆ ಸೊಪ್ಪಿನಬೆಟ್ಟದಿಂದಲೂ ಕಾನಿನಿಂದಲೂ ಬಂದಿತು. ಟೈಲ್ಸ್ ಹಾಕಿಸಿಕೊಂಡ ಗೃಹಿಣಿಯನ್ನು ಪರಂಪರೆ ಮರೆತವಳೆಂದು ಆಕ್ಷೇಪಿಸುವ ಹಕ್ಕು ಜಗುಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕುವವರಿಗೆ ಇಲ್ಲ. ನೆಲ ಬದಲಾಯಿಸಿದ್ದು ಸರಿ. ಬದಲಾಯಿಸುವಾಗ ಅದರ ಅಡಿಯನ್ನು ಮರೆತದ್ದು ಮಾತ್ರ ಸರಿಯಲ್ಲ.

ಈಗ ಶಾಖದ ಲೆಕ್ಕ. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ತಾವೇ ಮಾಡಿ ನೋಡಬಹುದು. ಒಂದು ಘನ ಮೀಟರ್ ಒದ್ದೆ ಮಣ್ಣನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು ಮುಕ್ಕಾಲು ಯುನಿಟ್ ವಿದ್ಯುತ್ ಬೇಕು. ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೊಠಡಿಯ ನೆಲ 13 ಚದರ ಮೀಟರಿಗಿಂತ ತುಸು ಹೆಚ್ಚು. ಅದರ ಅಡಿಯ ಹತ್ತು ಅಂಗುಲ ಮಣ್ಣೆಂದರೆ ಮೂರು ಘನ ಮೀಟರಿಗಿಂತ ಅಧಿಕ. ಅಷ್ಟು ಮಣ್ಣು ಬರೀ 5 ಡಿಗ್ರಿ ಬೆಚ್ಚಗಾಗುವ ಹೊತ್ತಿಗೆ 12 ಯುನಿಟ್ ಮುಗಿದಿರುತ್ತದೆ. ಅತ್ತ, ಚದರ ಮೀಟರಿಗೆ 150 ವ್ಯಾಟಿನ ವಿದ್ಯುತ್ ಚಾಪೆ ಆ ಕೊಠಡಿಗೆ ಹಾಸಿದರೆ 2 ಕಿಲೋವ್ಯಾಟ್ ಆಗುತ್ತದೆ. ಆರು ಗಂಟೆ ಉರಿದರೆ ಅದು ಕೊಡುವುದೂ 12 ಯುನಿಟ್ಟೇ. ಶಾಖವೇನೂ ಪೂರ್ತಿಯಾಗಿ ಕೆಳಗೇ ಇಳಿಯುವುದಿಲ್ಲ. ಮೇಲಕ್ಕೂ ಕೆಳಕ್ಕೂ ಹಂಚಿಹೋಗುತ್ತದೆ. ಆದರೆ ಸಂಜೆ ಹಚ್ಚಿ ಮಲಗುವಾಗ ಆರಿಸುವ ಮನೆಯಲ್ಲಿ ದೊಡ್ಡ ಪಾಲು ಮಣ್ಣಿನದೇ. ಕಾದ ಮಣ್ಣು ರಾತ್ರಿ ಸ್ವಲ್ಪ ಶಾಖವನ್ನು ಹಿಂದಿರುಗಿಸುತ್ತದೆಯೆಂಬುದೂ ನಿಜ; ಹಿಂದಿರುಗಿಸುವುದು ಎಲ್ಲರೂ ಕಂಬಳಿ ಹೊದ್ದು ಮಲಗಿರುವಾಗ. ನೆಲದಡಿಯಲ್ಲಿ ಧರೆಯ ನೀರು ಹರಿಯುತ್ತಿದ್ದರೆ ಅದೂ ಇಲ್ಲ. ಹರಿಯುವ ನೀರು ಶಾಖವನ್ನು ಹೊತ್ತುಕೊಂಡು ತೋಟಕ್ಕೆ, ತೋಟದಿಂದ ಹಳ್ಳಕ್ಕೆ, ಅಲ್ಲಿಂದ ತುಂಗೆಗೆ ಹೋಗುತ್ತದೆ.

ಶಾಖ ತಡೆಯುವ ಪದರವೊಂದನ್ನು ನಡುವೆ ಹಾಕಿದರೆ ಚಿತ್ರವೇ ಬದಲಾಗುತ್ತದೆ. ಎರಡು ಅಂಗುಲ ದಪ್ಪದ ಗಟ್ಟಿ ಫೋಮ್ ಹಲಗೆ ತಡೆಯುವಷ್ಟು ಶಾಖವನ್ನು ತಡೆಯಲು ಒದ್ದೆ ಮಣ್ಣು ಸುಮಾರು ಎಂಟು ಅಡಿ ದಪ್ಪವಿರಬೇಕಾಗುತ್ತದೆ. ಅಂಥ ಹಲಗೆಯ ಮೇಲೆ ಹಾಸಿದ ಚಾಪೆಯಿಂದ ಕೆಳಕ್ಕೆ ಸೋರುವುದು ಚದರ ಮೀಟರಿಗೆ ಹತ್ತು ವ್ಯಾಟಿಗಿಂತಲೂ ಕಡಿಮೆ. ಕೊಠಡಿ ಬೇಗ ಕಾಯುತ್ತದೆ, ಬೇಗ ಆರಿಸಬಹುದು.

ತಿಂಗಳ ಬಿಲ್ಲಿನಲ್ಲಿ ಇದರ ಅರ್ಥವೇನು? ದಿನಕ್ಕೆ 12 ಯುನಿಟ್ಟಿನಂತೆ ಒಂದೇ ಕೊಠಡಿಗೆ ತಿಂಗಳಿಗೆ 360 ಯುನಿಟ್. 2023ರಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ ಇಡೀ ಮನೆಗೆ 200 ಯುನಿಟ್. ಮಿತಿ ಮೀರಿದರೆ ಬಿಲ್ಲಿನ ಪೂರ್ತಿ ಹಣವನ್ನು ಮೆಸ್ಕಾಂಗೆ ಕಟ್ಟಬೇಕು. ಹಣವುಳ್ಳವರು ಕಟ್ಟಿಯಾರು. ಪ್ರಶ್ನೆ ಹಣದಲ್ಲಿಗೆ ಮುಗಿಯುವುದಿಲ್ಲ. ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದ ಊರುಗಳ ನೆನಪು ಮಲೆನಾಡಿನಲ್ಲಿ ಇನ್ನೂ ಹಸಿಯಾಗಿದೆ. ನರಸಿಂಹರಾಜಪುರದವರಿಗೆ ಭದ್ರಾ ಹಿನ್ನೀರು ಮನೆಯಂಗಳದ ಮಾತು. ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದ ನಡುವೆ, 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಿದ್ದಕ್ಕೆ ಕೊಡುವ ಮುಖ್ಯ ಕಾರಣವೇ ಬೇಡಿಕೆ ಏರುವ ಹೊತ್ತಿನ ವಿದ್ಯುತ್ತು. ನೆಲದ ಚಾಪೆ ಹಚ್ಚುವುದೂ ಅದೇ ಸಂಜೆಯ ಹೊತ್ತಿಗೆ. ಹಗಲು ಆ ಯೋಜನೆಯ ವಿರುದ್ಧದ ಮನವಿಗೆ ಸಹಿ ಹಾಕಿ ರಾತ್ರಿ ಗುಡ್ಡಕ್ಕೆ ಶಾಖ ಕೊಡುವ ಮನೆ ತನ್ನ ವಾದವನ್ನು ತಾನೇ ಕೆಡಿಸಿಕೊಳ್ಳುತ್ತದೆ.

ವಿದ್ಯುತ್ ಬೇಡ, ಬಚ್ಚಲೊಲೆಯ ಬಿಸಿಯನ್ನೇ ನೆಲದಡಿಗೆ ತಿರುಗಿಸಿದರಾಯಿತು ಎನ್ನುವವರಿದ್ದಾರೆ. ಇದು ಹೊಸ ಆಲೋಚನೆಯಲ್ಲ. ಕೊರಿಯಾದ ಓಂಡೋಲ್ ಮನೆಗಳಲ್ಲಿ ಅಡುಗೆ ಒಲೆಯ ಹೊಗೆ ಕಲ್ಲಿನ ನೆಲದ ಅಡಿಯ ಕಾಲುವೆಗಳಲ್ಲಿ ಹಾದು ಇನ್ನೊಂದು ಬದಿಯ ಚಿಮಣಿಯಿಂದ ಹೊರಹೋಗುತ್ತಿತ್ತು. ಕಾಶ್ಮೀರದ ಹಮಾಮುಗಳಲ್ಲಿ ಇಂದಿಗೂ ಕಲ್ಲು ಚಪ್ಪಡಿಯ ನೆಲದಡಿ ಸೌದೆ ಉರಿಯುತ್ತದೆ. ಮಸೀದಿಗೆ ಬಂದವರು ಅದರ ಮೇಲೆ ಕುಳಿತು ಚಳಿ ಕಳೆಯುತ್ತಾರೆ. ಆದರೆ ಅದೇ ಕೊರಿಯಾದಲ್ಲಿ, ಯುದ್ಧಾನಂತರದ ದಶಕಗಳಲ್ಲಿ ಸೌದೆಯ ಬದಲು ಕಲ್ಲಿದ್ದಲಿನ ಉಂಡೆ ಉರಿಸತೊಡಗಿದಾಗ, ನೆಲದ ಬಿರುಕುಗಳಿಂದ ಒಸರಿದ ಕಾರ್ಬನ್ ಮಾನಾಕ್ಸೈಡ್ ಅನಿಲ ಮಲಗಿದ್ದ ಬಹಳ ಜನರ ಪ್ರಾಣ ತೆಗೆಯಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಲ್ಲಿ ಈಗ ಬಿಸಿನೀರಿನ ಕೊಳವೆಗಳೇ ರೂಢಿ. ಮಲೆನಾಡಿನ ಮಣ್ಣಿನ ಗೋಡೆ, ಮರದ ಹಲಗೆ, ಇಲಿ ಕೊರೆದ ತಳಪಾಯದ ಹಳೆಯ ಮನೆಯಲ್ಲಿ ನೆಲದಡಿ ಹೊಗೆ ಹಾಯಿಸುವ ಪ್ರಯೋಗಕ್ಕೆ ಯಾರೂ ಕೈಹಾಕಬಾರದು. ಬಚ್ಚಲ ಹಂಡೆಯ ನೀರನ್ನು ಕೊಳವೆಯಲ್ಲಿ ಹಾಯಿಸಬಹುದು, ಏಕೆಂದರೆ ನೆಲಕ್ಕೆ ಬೇಕಾದದ್ದು 35ರಿಂದ 40 ಡಿಗ್ರಿಯ ಉಗುರುಬೆಚ್ಚಗಿನ ನೀರು ಮಾತ್ರ. ಅದಕ್ಕೆ ತಡೆಪದರವಿಲ್ಲದಿದ್ದರೆ ಮಾತ್ರ ಯುನಿಟ್ಟಿನ ಬದಲು ಸೌದೆಯ ಹೊರೆಗಳಲ್ಲಿ ಅದೇ ಲೆಕ್ಕವನ್ನು ಬರೆಯಬೇಕಾಗುತ್ತದೆ. ಸೌರ ಬಿಸಿನೀರು ಡಿಸೆಂಬರ್–ಜನವರಿಯ ಚಳಿಗೆ ಒದಗೀತು. ಪುನರ್ವಸು, ಪುಷ್ಯ ಮಳೆಗಳ ದಿನಗಳಲ್ಲಿ ಸೂರ್ಯನೇ ಕಾಣುವುದಿಲ್ಲ.

ಆದುದರಿಂದ ಕೆಲಸ ಮನೆಯ ಹೊರಗಿನಿಂದ ಶುರುವಾಗಬೇಕು. ಬಸಿಗಾಲುವೆ ತೆಗೆಯದೆ ಅಡಿಕೆ ತೋಟಕ್ಕೆ ಗೊಬ್ಬರ ಹಾಕಿದವನನ್ನು ಕಂಡು ಊರೇ ನಗುತ್ತದೆ. ಮನೆಯ ವಿಷಯದಲ್ಲಿ ಆ ಬುದ್ಧಿ ಮಂಕಾಗುವುದು ಏಕೋ ತಿಳಿಯದು. ಧರೆಗೂ ಹಿಂಗೋಡೆಗೂ ನಡುವೆ, ಮನೆಯ ನೆಲಕ್ಕಿಂತ ತಗ್ಗಿನಲ್ಲಿ, ಕಲ್ಲು ತುಂಬಿದ ಬಸಿಗಾಲುವೆ ಬೇಕು. ಧರೆಯ ಬುಡವನ್ನು ಯಂತ್ರದಿಂದ ಬಗೆದು ಕಾಲುವೆ ಮಾಡುವುದು ಅಪಾಯ. ಧರೆ ಕುಸಿದರೆ ನೆಲದ ಚಿಂತೆ ಮಾಡುವುದಕ್ಕೆ ಮನೆಯೇ ಉಳಿಯುವುದಿಲ್ಲ. ಸೂರಿನ ನೀರು ಬೀಳುವ ಜಾಗಕ್ಕೆ ಕಲ್ಲು ಹಾಸಿ ಅಂಗಳದ ಕಡೆಗೆ ಇಳಿಜಾರು ಕೊಡಬೇಕು. ಮಳೆಗಾಲಕ್ಕೆ ಮುನ್ನ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದವರಿಗೆ ಎರಚಲು ಏನು ಮಾಡುತ್ತದೆಂದು ಗೊತ್ತಿತ್ತು. ಈ ಹೊರಗೆಲಸಕ್ಕೆ ತಗಲುವುದು ಹೆಚ್ಚಾಗಿ ಆಳಿನ ಕೂಲಿ. ಇದನ್ನು ಮಾಡಿ ಒಂದು ಮಳೆಗಾಲ ಕಾದು ನೋಡುವ ತಾಳ್ಮೆಯಿದ್ದರೆ ಒಳಗಿನ ಕೆಲಸ ಎಷ್ಟು ಉಳಿದಿದೆಯೆಂಬುದು ತಾನಾಗಿ ತಿಳಿಯುತ್ತದೆ.

ಒಳಗಿನ ಕೆಲಸದಲ್ಲಿ ಹಳೆಯ ಮನೆ ಹೊಸ ಮನೆಯಂತಲ್ಲ. ಮೊದಲನೆಯ ತೊಡಕು ಎತ್ತರ. ತಡೆಪದರ ಎರಡು ಅಂಗುಲ, ಅದರ ಮೇಲಿನ ಕಾಂಕ್ರೀಟು ಎರಡೂವರೆ ಅಂಗುಲ, ಟೈಲ್ಸ್ ಬೇರೆ. ಇಷ್ಟನ್ನು ಹಳೆಯ ನೆಲದ ಮೇಲೆಯೇ ಏರಿಸಿದರೆ ಹೊಸ್ತಿಲು ಮುಳುಗುತ್ತದೆ, ಬಾಗಿಲು ಕತ್ತರಿಸಬೇಕಾಗುತ್ತದೆ, ಮೊದಲೇ ತಲೆ ಬಗ್ಗಿಸಿ ಹೋಗಬೇಕಾದ ದಾರಂದದಲ್ಲಿ ಸೊಂಟ ಬಗ್ಗಿಸಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಹಾನಿ ತೊಟ್ಟಿಯ ಸುತ್ತಲಿನ ಕಂಬಗಳಿಗೆ. ಹಿಂದಿನವರು ಮರದ ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದು ಮರದ ಬುಡ ನೆಲದ ತೇವಕ್ಕೆ ತಾಗದಿರಲೆಂದು. ನೆಲವನ್ನೇರಿಸಿ ಆ ಕಲ್ಲನ್ನು ಹೂಳಿದರೆ ನೂರು ವರ್ಷ ಬಾಳಿದ ಕಂಬದ ಬುಡ ಸಿಮೆಂಟಿನೊಳಗೆ ಸಿಕ್ಕು ಕೊಳೆಯುತ್ತದೆ. ಗೆದ್ದಲಿಗೆ ಯಾರೂ ಕಾಣದ ದಾರಿಯೊಂದು ತೆರೆಯುತ್ತದೆ. ಆದ್ದರಿಂದ ಹಳೆಯ ನೆಲವನ್ನು ಅಗೆದು ಇಳಿಸಿ, ಹೊಸ ನೆಲ ಹಳೆಯ ಮಟ್ಟಕ್ಕೇ ಬಂದು ನಿಲ್ಲುವಂತೆ ಮಾಡಬೇಕು. ಅಗೆಯುವಾಗಲೂ ಎಚ್ಚರ ಬೇಕು. ಜಂಬಿಟ್ಟಿಗೆಯ ತಳಪಾಯ ಎಷ್ಟು ಆಳಕ್ಕಿದೆಯೆಂದು ಒಂದು ಮೂಲೆಯಲ್ಲಿ ಪರೀಕ್ಷಿಸಿ ನೋಡದೆ ಗೋಡೆಯ ಬುಡಕ್ಕೆ ಹಾರೆ ಹಾಕಬಾರದು. ಒಂದು ಸಲಕ್ಕೆ ಒಂದೇ ಕೊಠಡಿ, ಅದೂ ಮಾಘದಿಂದ ವೈಶಾಖದೊಳಗೆ.

ಅಗೆದ ತಳದಲ್ಲಿ ಸಣ್ಣ ಪುಡಿಯಿಲ್ಲದ ದಪ್ಪ ಜಲ್ಲಿಯನ್ನು ಆರು ಅಂಗುಲ ಹರಡಿದರೆ ಬತ್ತಿಯಂತೆ ಏರುವ ತೇವದ ದಾರಿ ಅಲ್ಲಿಯೇ ತುಂಡಾಗುತ್ತದೆ; ಜಲ್ಲಿಯ ನಡುವಿನ ಜಾಗ ದೊಡ್ಡದಾದ್ದರಿಂದ ನೀರು ಹತ್ತಲಾರದು. ಅದರ ಮೇಲೆ ತೆಳುವಾದ ಸಮತಟ್ಟು ಹಾಸು, ದಪ್ಪ ಪ್ಲಾಸ್ಟಿಕ್ ಹಾಳೆ, ತಡೆಪದರ, ಕೊಳವೆ ಅಥವಾ ತಂತಿ ಕೂರುವ ಕಾಂಕ್ರೀಟು, ಕೊನೆಗೆ ಮೇಲ್ಹಾಸು. ಮೇಸ್ತ್ರಿಗಳು ಸಾಮಾನ್ಯವಾಗಿ ಬಿಟ್ಟುಬಿಡುವುದು ಅಂಚನ್ನು. ನಾಲ್ಕೂ ಗೋಡೆಗಳ ಬುಡದಲ್ಲಿ ಕಾಂಕ್ರೀಟು ಗೋಡೆಗೆ ತಾಗದಂತೆ ಫೋಮಿನ ಪಟ್ಟಿ ನಿಲ್ಲಿಸದಿದ್ದರೆ ಕೆಳಗೆ ತಡೆದ ಶಾಖ ಪಕ್ಕದಿಂದ ಗೋಡೆಗೆ ಹಾರುತ್ತದೆ. ಕಾದು ಹಿಗ್ಗುವ ನೆಲಕ್ಕೆ ಜಾಗವಿಲ್ಲದೆ ಬಿರುಕು ಬೀಳುವುದೂ ಅಲ್ಲಿಂದಲೇ.

ಪ್ಲಾಸ್ಟಿಕ್ ಹಾಳೆಯ ಬಗ್ಗೆ ಒಂದು ಮಾತು ವಿಸ್ತರಿಸಿ ಹೇಳಬೇಕು. ಸಿಮೆಂಟು ಕಟ್ಟಡದಲ್ಲಿ ಅದು ನಿರಪಾಯ. ಮಣ್ಣಿನ ಗೋಡೆಯ ಮನೆಯಲ್ಲಿ ನೆಲದಿಂದ ಏರಲು ದಾರಿ ಮುಚ್ಚಿಹೋದ ತೇವ ಗೋಡೆಯ ಬುಡವನ್ನು ಹಿಡಿಯುತ್ತದೆ. ಮಣ್ಣಿನ ನೆಲವಿದ್ದಾಗ ಆ ತೇವ ಕೊಠಡಿಯ ಅಗಲಕ್ಕೂ ಹರಡಿ ಆರುತ್ತಿತ್ತು. ಈಗ ಅದಕ್ಕೆಲ್ಲ ಗೋಡೆಯೊಂದೇ ದಾರಿ. ಗೋಡೆಯ ಹೊರಮೈಗೆ ಸಿಮೆಂಟು ಗಿಲಾವು ಬೇರೆ ಆಗಿದ್ದರೆ ತೇವ ಒಳಗೇ ಸಿಕ್ಕು ಮಣ್ಣು ಉದುರತೊಡಗುತ್ತದೆ. ಟೈಲ್ಸ್ ಹಾಕಿಸಿದ ಎರಡು ಮೂರು ವರ್ಷಕ್ಕೆ ಗೋಡೆಯ ಬುಡದ ಬಣ್ಣ ಸುಲಿದು ಬರುವ ಮನೆಗಳಲ್ಲಿ ಬಣ್ಣದ ಕಂಪನಿಯನ್ನು ಬೈಯುವ ಮುನ್ನ ಇದನ್ನು ನೋಡಬೇಕು. ಬ್ರಿಟನ್ನಿನಲ್ಲಿ ಹಳೆಯ ಕಲ್ಲುಮನೆಗಳನ್ನು ಕಾಪಾಡುವವರು ಇದೇ ಕಾರಣಕ್ಕೆ ನೆಲದಡಿ ಗಾಜಿನ ನೊರೆಯನ್ನು ಗಟ್ಟಿಮಾಡಿದ ಹಗುರ ಜಲ್ಲಿ ಹರಡಿ ಅದರ ಮೇಲೆ ಸುಣ್ಣದ ಕಾಂಕ್ರೀಟು ಹಾಕುವ ಕ್ರಮವನ್ನು ಬಳಸುತ್ತಿದ್ದಾರೆ. ಆ ಜಲ್ಲಿ ಶಾಖವನ್ನೂ ತಡೆಯುತ್ತದೆ, ನೀರನ್ನೂ ಏರಗೊಡುವುದಿಲ್ಲ. ಸುಣ್ಣ ಆವಿಯನ್ನು ಮೆಲ್ಲಗೆ ಹೊರಬಿಡುತ್ತದೆ. ಸುಣ್ಣ, ಸುರ್ಕಿಯ ಗಾರೆ ನೆಲ ಮಲೆನಾಡಿಗೆ ಅಪರಿಚಿತವಲ್ಲ. ಗಾರೆ ಅರೆಯಬಲ್ಲ ಕೈಗಳು ಉಳಿದಿವೆಯೇ ಎಂಬುದು ಬೇರೆ ಪ್ರಶ್ನೆ.

ಅದೇ ಬ್ರಿಟನ್ನಿನ ಕಟ್ಟಡ ನಿಯಮಗಳು, ಹಳೆಯ ನೆಲವನ್ನು ಕಿತ್ತು ಹೊಸದಾಗಿ ಮಾಡುವಾಗ ಒಂದು ಡಿಗ್ರಿ ಅಂತರಕ್ಕೆ ಚದರ ಮೀಟರಿನಲ್ಲಿ ಕಾಲು ವ್ಯಾಟಿಗಿಂತ ಹೆಚ್ಚು ಶಾಖ ಸೋರಬಾರದೆಂಬ ಗುರಿಯಿಡುತ್ತವೆ. ಯುರೋಪಿನ ಮಾನದಂಡದ ಪ್ರಕಾರ ಜನ ಕುಳಿತು ಓಡಾಡುವ ಜಾಗದಲ್ಲಿ ನೆಲದ ಮೇಲ್ಮೈ 29 ಡಿಗ್ರಿ ಮೀರಬಾರದು. ರಜೆಗೆ ಊರಿಗೆ ಬರುವವರು ಅಲ್ಲಿಯ ಬೆಚ್ಚಗಿನ ನೆಲದ ಸುದ್ದಿ ತರುತ್ತಾರೆ; ಆ ನೆಲದ ಅಡಿಯಲ್ಲಿ ಅಡಗಿರುವ ನಾಲ್ಕಂಗುಲದ ಸುದ್ದಿಯನ್ನು ತರುವುದಿಲ್ಲ. ಇನ್ನೊಂದು ವ್ಯತ್ಯಾಸವನ್ನೂ ಮರೆಯುತ್ತಾರೆ. ಅಲ್ಲಿ ಚಳಿಗಾಲದ ಹೊರಗಾಳಿ ಸೊನ್ನೆಯ ಹತ್ತಿರ. ಇಲ್ಲಿ ಮಣ್ಣಿನ ಆಳದ ಉಷ್ಣತೆ ವರ್ಷವಿಡೀ ಬಹುತೇಕ 22–24 ಡಿಗ್ರಿಯ ಆಸುಪಾಸು. ಮಲೆನಾಡಿನ ಮಳೆಗಾಲದ ನೆಲ ಹಿಮದಂತೆ ತಣ್ಣಗಿರುವುದಿಲ್ಲ, ಒದ್ದೆಯಾಗಿರುತ್ತದೆ ಅಷ್ಟೆ. ಚಳಿಯ ದೇಶದ ಔಷಧವನ್ನು ತೇವದ ದೇಶಕ್ಕೆ ಅದೇ ಪ್ರಮಾಣದಲ್ಲಿ ಕುಡಿಸುವುದು ಸರಿಯಲ್ಲ.

ತಡೆಪದರಕ್ಕೆ ಯಾವ ವಸ್ತು ಎಂಬ ವಿಷಯದಲ್ಲಿ ಪರಿಸರಪ್ರಿಯರ ನಡುವೆಯೇ ಜಗಳವಿದೆ. ಭತ್ತದ ಹೊಟ್ಟು ಊರಲ್ಲೇ ಸಿಗುತ್ತದೆ, ಒಣಗಿದ್ದಾಗ ಶಾಖವನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ನೆಲದಡಿಯಲ್ಲಿ ಅದು ಭಾರಕ್ಕೆ ಕುಸಿಯುತ್ತದೆ, ತೇವ ಹಿಡಿದರೆ ಕೊಳೆಯುತ್ತದೆ, ಇಲಿ ಗೆದ್ದಲುಗಳಿಗೆ ಔತಣವಾಗುತ್ತದೆ. ಹೊಟ್ಟಿನ ಯೋಗ್ಯ ಸ್ಥಾನ ಅಟ್ಟದ ಮೇಲೆ. ಹಳೆಯ ಮಂಗಳೂರು ಹೆಂಚನ್ನು ಎರಡು ಪದರ ಬೋರಲು ಹಾಕಿ ನಡುವೆ ಗಾಳಿ ನಿಲ್ಲಿಸುವುದು, ಟೊಳ್ಳು ಜೇಡಿ ಇಟ್ಟಿಗೆ ಹಾಸುವುದು ಇವೆಲ್ಲ ಸ್ವಲ್ಪಮಟ್ಟಿಗೆ ಕೆಲಸ ಮಾಡುತ್ತವೆ. ಚಾಪೆ ಹಚ್ಚುವ ಮನೆಗೆ ಸಾಲುವುದಿಲ್ಲ, ಹಚ್ಚದ ಮನೆಗೆ ಧಾರಾಳ. ಅಗ್ಗದ ಬಿಳಿ ಥರ್ಮೋಕೋಲು ಕಾಲಕ್ರಮದಲ್ಲಿ ನೀರು ಹೀರುತ್ತದೆ, ಇರುವೆ ಗೆದ್ದಲುಗಳು ಅದರೊಳಗೆ ಸುರಂಗ ಕೊರೆಯುತ್ತವೆ. ಒತ್ತಿ ತಯಾರಿಸಿದ ಗಟ್ಟಿ ಫೋಮ್ ಹಲಗೆ ನೀರು ಕುಡಿಯುವುದು ಬಹಳ ಕಡಿಮೆ. ಅದಕ್ಕೂ ಗೆದ್ದಲಿನ ತಡೆ ಬೇಕು. ಅದು ಪೆಟ್ರೋಲಿಯಂ ಉತ್ಪನ್ನ, ಮಣ್ಣಿನಲ್ಲಿ ಕರಗುವುದಿಲ್ಲ. ಹೀಗಿದ್ದರೂ, ಐವತ್ತು ವರ್ಷ ನೆಲದಡಿ ಕುಳಿತು ಪ್ರತಿ ಮಳೆಗಾಲವೂ ಸೌದೆ, ವಿದ್ಯುತ್ತು ಉಳಿಸುವ ಎರಡಂಗುಲದ ಹಲಗೆಯನ್ನು ಒಂದೇ ದಿನ ಬಳಸಿ ಹಳ್ಳಕ್ಕೆಸೆಯುವ ಪ್ಲಾಸ್ಟಿಕ್ ಚೀಲದೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಬಿಸಿ ಮಾಡಲೇಬೇಕೆಂದಿರುವ ಕೊಠಡಿಗೆ ಗಟ್ಟಿ ಫೋಮನ್ನೇ ಬಳಸುವುದು ಮೇಲು. ಬಿಸಿ ಬೇಡದ ಕೊಠಡಿಗೆ ಅದು ಬೇಡ.

ಬಿಸಿ ಬೇಡದ ಕೊಠಡಿಗಳೇ ಹೆಚ್ಚು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ನೆಲದ ಮೇಲ್ಹಾಸಿನ ಕೆಳಗೆ ಶಾಖ ತಡೆಯುವ ಪದರವೊಂದಿದ್ದರೆ ಮೇಲ್ಹಾಸು ಮಣ್ಣಿನ ಉಷ್ಣತೆಯನ್ನು ಬಿಟ್ಟು ಕೊಠಡಿಯ ಗಾಳಿಯ ಉಷ್ಣತೆಯನ್ನು ಅನುಸರಿಸುತ್ತದೆ. ಬೆವರು ತಡೆಯಲು ಬೇಕಾದದ್ದು ಒಂದೆರಡು ಡಿಗ್ರಿ ಮಾತ್ರವೆಂದು ಮೇಲೆ ಕಂಡಿತಷ್ಟೆ. ಅಡುಗೆಯ ಒಲೆ, ಮನೆಯ ಜನ, ಮಧ್ಯಾಹ್ನದ ಹೊಳವು ಸೇರಿ ಬಹಳ ದಿನಗಳಲ್ಲಿ ಅಷ್ಟನ್ನು ಒದಗಿಸುತ್ತವೆ. ಮಲಗುವ ಕೋಣೆಗೆ ಟೈಲ್ಸಿನ ಬದಲು ಮರದ ಹಲಗೆಯನ್ನು ಅಡ್ಡಪಟ್ಟಿಗಳ ಮೇಲೆ ಎತ್ತರಿಸಿ ಹಾಸಿದರೆ, ಕೆಳಗೆ ಗಾಳಿಯಾಡಲು ಕಿಂಡಿ ಬಿಟ್ಟರೆ, ಅಗೆಯುವ ಕೆಲಸವೂ ಉಳಿಯಿತು. ಮನೆಯ ಹಳೆಯ ಅಟ್ಟದಿಂದಲೋ ಮುರಿದ ಕೊಟ್ಟಿಗೆಯಿಂದಲೋ ಬಂದ ಹಲಗೆ ಇದಕ್ಕೆ ಸಾಕು; ಹೊಸ ಮರ ಕಡಿಯಬೇಕಿಲ್ಲ.

ಉಳಿಯುವುದು ಕೆಲವೇ ಜಾಗಗಳು. ಹಾಸಿಗೆ ಹಿಡಿದ ಹಿರಿಯರ ಕೋಣೆ, ಬಾಣಂತಿ ಕೋಣೆ, ಹೆಚ್ಚೆಂದರೆ ಹೋಂಸ್ಟೇಯ ಒಂದೆರಡು ಕೊಠಡಿ. ಅಲ್ಲಿಯೂ ಇಡೀ ನೆಲಕ್ಕೆ ಚಾಪೆ ಹಾಸಬೇಕಿಲ್ಲ; ಮಂಚದ ಪಕ್ಕ ಕಾಲಿಡುವಲ್ಲಿ, ಕುರ್ಚಿಯ ಮುಂದೆ ಎರಡು ಚದರ ಮೀಟರ್ ಸಾಕು. 300 ವ್ಯಾಟ್; ಆರು ಗಂಟೆಗೆ ಎರಡು ಯುನಿಟ್ಟಿಗಿಂತ ಕಡಿಮೆ. ತಡೆಪದರದ ಮೇಲೆ ಕುಳಿತ ಆ ಎರಡು ಚದರ ಮೀಟರ್, ಪದರವಿಲ್ಲದ ಇಡೀ ಕೊಠಡಿಗಿಂತ ಹಿರಿಯರ ಪಾದಕ್ಕೆ ಹೆಚ್ಚು ಸುಖ ಕೊಡುತ್ತದೆ.

ಇಷ್ಟನ್ನೂ ಮಾಡಬಲ್ಲ ಗಾರೆ ಕೆಲಸದವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಬೇಕಾದಷ್ಟು ಮಂದಿಯಿಲ್ಲ. ಟೈಲ್ಸ್ ಸಾಲಾಗಿ ಕೂರಿಸಬಲ್ಲವರು ಅನೇಕರಿದ್ದಾರೆ. ಅಡಿಯ ಜಲ್ಲಿ, ಅಂಚಿನ ಪಟ್ಟಿ, ಕಂಬದ ಬುಡಗಳ ಬಗ್ಗೆ ಅವರಿಗೆ ಯಾರೂ ಕಲಿಸಿಲ್ಲ. ಕಡಿಮೆ ಖರ್ಚಿನ, ಸ್ಥಳೀಯ ಸಾಮಗ್ರಿಯ ಕಟ್ಟಡ ವಿಧಾನಗಳನ್ನು ಪ್ರಚುರಪಡಿಸಲೆಂದೇ ಜಿಲ್ಲೆ ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರಗಳು ಹುಟ್ಟಿದವು. ಸರ್ಕಾರಿ ಕಟ್ಟಡಗಳ ಗುತ್ತಿಗೆಯ ನಡುವೆ ಬಿಡುವು ಮಾಡಿಕೊಂಡು ಮಲೆನಾಡಿನ ಹಳೆಯ ಮನೆಯ ನೆಲದ ಬಗ್ಗೆ ಬೇಸಿಗೆಯಲ್ಲಿ ಹತ್ತು ದಿನಗಳ ತರಬೇತಿ ನಡೆಸುವುದು ಅವುಗಳಿಗೆ ಹೊರೆಯಾಗಲಾರದು. ಹೋಂಸ್ಟೇಗಳಿಗೆ ಅನುಮತಿ ಕೊಡುವಾಗ ನೆಲ ಕಾಯಿಸುವ ವ್ಯವಸ್ಥೆಯಿದ್ದರೆ ಅದರಡಿ ತಡೆಪದರವಿದೆಯೇ ಎಂಬ ಒಂದು ಪ್ರಶ್ನೆಯನ್ನು ಅರ್ಜಿಯಲ್ಲಿ ಸೇರಿಸುವಂತೆ ಪಂಚಾಯಿತಿಗಳೂ ಪ್ರವಾಸೋದ್ಯಮ ಇಲಾಖೆಯನ್ನು ಒತ್ತಾಯಿಸಬೇಕು.

ವಿದ್ಯಾರ್ಥಿಗಳಿಗೂ ಇದರಲ್ಲಿ ಕೆಲಸವಿದೆ. ಯಾವುದೇ ಊರಿನಲ್ಲಿ ಮಣ್ಣಿನ ನೆಲದ ಮನೆಯೊಂದು, ಕೆಂಪು ರೆಡ್ ಆಕ್ಸೈಡ್ ನೆಲದ್ದೊಂದು, ಟೈಲ್ಸಿನದೊಂದು ಆರಿಸಿಕೊಳ್ಳಬೇಕು. ಮೂರು ಕಡೆಯೂ ಒಂದೊಂದು ಸಾಧಾರಣ ಉಷ್ಣಮಾಪಕವನ್ನು ನೆಲಕ್ಕೆ ತಾಗಿಸಿ, ಇನ್ನೊಂದನ್ನು ಗೋಡೆಯ ನಡುಮಟ್ಟದಲ್ಲಿ ತೂಗಿಬಿಟ್ಟು, ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ದಿನವೂ ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಅಂಕಿ ಬರೆದಿಡಬೇಕು. ನೆಲ ಒಣಗಿತ್ತೋ ಬೆವರಿತ್ತೋ ಎಂಬುದನ್ನೂ, ಅಂದು ಒಲೆ ಎಷ್ಟು ಹೊತ್ತು ಉರಿಯಿತೆಂಬುದನ್ನೂ ಪಕ್ಕದ ಅಂಕಣದಲ್ಲಿ ಸೇರಿಸಬೇಕು. ದೀಪಾವಳಿಯ ಹೊತ್ತಿಗೆ ಆ ಪುಸ್ತಕ ತುಂಬಿರುತ್ತದೆ. ಅಡಿಕೆ ಕೊಯ್ಲು ಮುಗಿದು ಮನೆ ರಿಪೇರಿಗೆ ಮೇಸ್ತ್ರಿಯನ್ನು ಕರೆಸುವ ಯಜಮಾನರ ಮುಂದೆ ಅದನ್ನು ಬಿಡಿಸಿಟ್ಟು ಮಾತಿಗೆ ಕೂರಬಹುದು.